ಪ್ರವಾಸಿ ಎಂದು ಬರೆದೆ

ಬೈಲಹೊಂಗಲದ ಕಾಲೇಜೊಂದರ ಆಫೀಸಿನಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಗುಮಾಸ್ತೆ. ವಿದ್ಯಾರ್ಥಿವೇತನ, ಜಾತಿ-ಆದಾಯ ಪ್ರಮಾಣಪತ್ರ, ಬಸ್ ಪಾಸು, ಪರೀಕ್ಷೆಯ ಫಾರ್ಮು ಎಂದು ದಿನವಿಡೀ ಅರ್ಜಿಗಳ ನಡುವೆಯೇ ಇರುವವಳು. ಯಾವ ಕಾಲಮ್ಮಿನಲ್ಲಿ ಏನು ಬರೆದರೆ ಅರ್ಜಿ ಮುಂದಕ್ಕೆ ಹೋಗುತ್ತದೆ, ಏನು ಬರೆದರೆ ಮರಳಿ ಬರುತ್ತದೆ ಎಂಬುದು ನನಗೆ ಬಾಯಿಪಾಠ. ಓಣಿಯವರು, ನೆಂಟರು, ಗಂಡನ ಕಡೆಯವರು ಎಲ್ಲರೂ ತಮ್ಮ ಕಾಗದಪತ್ರ ಹಿಡಿದುಕೊಂಡು ನನ್ನ ಬಳಿಗೇ ಬರುತ್ತಾರೆ. "ಅಕ್ಕಾರು ತುಂಬಿದ್ರ ವಾಪಸ್ ಬರೂದಿಲ್ಲ" ಎಂಬ ಮಾತನ್ನು ಎಷ್ಟೋ ಸಲ ಕೇಳಿ ಒಳಗೊಳಗೇ ಹಿಗ್ಗಿದ್ದೇನೆ. ಹೀಗಾಗಿ ಅಪ್ಪನ ವೀಸಾ ಅರ್ಜಿ ನನ್ನ ಕೈಗೆ ಬಂದಾಗ ನನಗೆ ಭಯವೇನೂ ಆಗಲಿಲ್ಲ. ಆಗಬೇಕಿತ್ತು.

ಅಪ್ಪ ಕೈಮಗ್ಗದ ನೇಕಾರ. ನನ್ನ ತವರೂರು ರಾಮದುರ್ಗದಿಂದ ಅರ್ಧ ತಾಸಿನ ದಾರಿ. ಬೈಲಹೊಂಗಲದಿಂದ ಹೊರಟರೆ ಮುನವಳ್ಳಿಯ ಮೇಲೆ ಸವದತ್ತಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ, ಅಲ್ಲಿಂದ ಟಂಟಂ ಆಟೋ. ನಡುಮನೆಯಲ್ಲೇ ಅಪ್ಪನ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಿನಿಂದ ತುಳಿಯುತ್ತ ಕೈಯಿಂದ ಲಾಳಿ ಓಡಿಸುತ್ತ ನೇಯುವ ಮಗ್ಗ ಅದು. ಪಕ್ಕದಲ್ಲಿ ಅವ್ವ ರಾಟಿ ತಿರುಗಿಸುತ್ತ, ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತಾಳೆ. ಊರಿನಲ್ಲಿ ಬಹಳ ಮಂದಿ ವಿದ್ಯುತ್ ಮಗ್ಗ ಹಾಕಿಕೊಂಡರು, ಕೆಲವರು ಬೇರೆ ಕೆಲಸ ಹಿಡಿದರು. ಅಪ್ಪ ಕುಣಿಯಿಂದ ಮೇಲೆದ್ದು ಬರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಕಾಲು ಅಲ್ಲೇ ರೂಢಿ ಆಗ್ಯಾವ" ಎಂದಷ್ಟೇ ಹೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಯುರೋಪಿನ ಒಬ್ಬ ಹೆಣ್ಣುಮಗಳು ನಮ್ಮ ಊರಿಗೆ ಬಂದಿದ್ದರು. ಯಾವುದೋ ಸಣ್ಣ ಊರಿನ ಬಟ್ಟೆಗಳ ಸಂಗ್ರಹಾಲಯದಲ್ಲಿ ಕೆಲಸ ಮಾಡುವವರು. ಜೊತೆಗೆ ಮಾತು ತಿಳಿಸಿಕೊಡುವವರೊಬ್ಬರು ಇದ್ದರು. ಮೂರು ದಿನ ಅಪ್ಪನ ಮಗ್ಗದ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತು, ಅಪ್ಪನ ಕಾಲು ಹೇಗೆ ಆಡುತ್ತದೆ, ಅಂಚಿನ ದಾರ ಹೇಗೆ ತಿರುಗುತ್ತದೆ ಎಂದು ಬರೆದುಕೊಂಡರು. ಅವ್ವ ಮಾಡಿದ ರೊಟ್ಟಿ, ಪುಂಡಿಪಲ್ಯ ಉಂಡರು. ಹೋಗುವಾಗ ಒಂದು ಸೀರೆ ಒಯ್ದರು. ಎರಡು ವರ್ಷದ ಮೇಲೆ ಅವರಿಂದ ಕರೆ ಬಂತು. ತಮ್ಮ ಊರಿನಲ್ಲಿ ನೇಕಾರರ ಒಂದು ಮೇಳ ಮಾಡುತ್ತೇವೆ, ಮಗ್ಗ ಹೂಡಿಕೊಡುತ್ತೇವೆ, ಅಪ್ಪ ಬಂದು ಆರು ದಿನ ಜನರ ಮುಂದೆ ಕೂತು ನೇಯಬೇಕು, ಹೋಗಿಬರುವ ಖರ್ಚೆಲ್ಲ ತಮ್ಮದೇ ಎಂದು. ಆ ದೇಶದ ಹೆಸರು ಇಲ್ಲಿ ಬೇಡ. ಮುಂದೆ ನಡೆದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಕಾಗದ ಬಂದದ್ದು ನನ್ನ ಇ-ಮೇಲಿಗೆ. ಎರಡು ಹಾಳೆ ಇತ್ತು. ಭಾನುವಾರ ಊರಿಗೆ ಹೋಗಿ ಮೊದಲನೆಯ ಹಾಳೆಯನ್ನು ಕನ್ನಡ ಮಾಡಿ ಓದಿ ಹೇಳಿದೆ. ಅವ್ವ ರಾಟಿ ನಿಲ್ಲಿಸಿ ಕೇಳಿದಳು. ಅಪ್ಪ ಒಂದೇ ಮಾತು ಕೇಳಿದರು.

"ಅಲ್ಲಿ ಕುಣಿ ತೋಡಾಕ ಬಿಡತಾರೇನು?"

"ಕಟ್ಟಿಗಿ ಕಟ್ಟಿ ಮಾಡಿ ಅದರ ಮ್ಯಾಲ ಕೂಡಸ್ತಾರಂತ."

"ಹಂಗಾದ್ರ ನಡೀತೈತಿ" ಎಂದು ಮತ್ತೆ ಲಾಳಿ ಹಿಡಿದರು. ಅಂದು ಅವರು ನೇಯುವ ಸಪ್ಪಳದಲ್ಲೇ ಒಂದು ಹುರುಪಿತ್ತು.

ಬೆಳಗಾವಿಗೆ ಕರೆದುಕೊಂಡು ಹೋಗಿ ಪಾಸ್‌ಪೋರ್ಟ್ ಮಾಡಿಸಿದ್ದಾಯಿತು. ಅದು ಸಲೀಸಾಗಿ ಬಂತು. ಆಮೇಲೆ ಶುರುವಾದದ್ದು ವೀಸಾದ ಗೊಂದಲ. ಯಾವ ವೀಸಾ? ಮೊಬೈಲಿನಲ್ಲಿ ಹುಡುಕಿದರೆ ನೂರು ಮಂದಿ ನೂರು ಹೇಳುತ್ತಿದ್ದರು. ಒಂದು ವಿಡಿಯೋದಲ್ಲಿ ಒಬ್ಬ, ಪರದೇಶದಲ್ಲಿ ಕೈಯಿಂದ ಏನು ಮಾಡಿದರೂ ಅದು ಕೆಲಸವೇ, ಕೆಲಸದ ಪರವಾನಗಿ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದ. ಇನ್ನೊಬ್ಬ, ಹದಿನೈದು ದಿನದೊಳಗೆ ಮರಳಿ ಬರುವವರು ಏನೂ ತಲೆ ಕೆಡಿಸಿಕೊಳ್ಳಬೇಡಿ ಎಂದ. ಅರ್ಧ ನೋಡಿ ಅರ್ಧ ಬಿಟ್ಟೆ. ಆ ದೇಶದವರ ಸ್ವಂತ ಜಾಲತಾಣವನ್ನು ತೆರೆದು ಓದಬೇಕೆಂದು ನನಗೆ ತೋಚಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ತೋಚಿತ್ತು. ಇಂಗ್ಲಿಷಿನ ಉದ್ದುದ್ದ ಪುಟಗಳೆಂದು ಬೇಸರವಾಗಿ, ಗೊತ್ತಿದ್ದವರನ್ನೇ ಕೇಳಿದರಾಯಿತು ಎಂದುಕೊಂಡೆ.

ಗೊತ್ತಿದ್ದವರು ಕಿತ್ತೂರಿನಲ್ಲಿದ್ದರು. ಕಸೂತಿ ಹಾಕುವ ಒಬ್ಬ ಅಕ್ಕ, ನನ್ನ ಗಂಡನಿಗೆ ದೂರದ ಸಂಬಂಧ. ಅವರು ಹಿಂದೊಮ್ಮೆ ಬೇರೊಂದು ದೇಶದ ಮೇಳಕ್ಕೆ ಹೋಗಿ ಬಂದಿದ್ದರು. ಶನಿವಾರ ಅರ್ಧ ದಿನ ರಜೆ ಹಾಕಿ ಅವರ ಮನೆಗೆ ಹೋದೆ. ಚಹಾ ಕೊಟ್ಟು, ಅಲ್ಲಿ ತೆಗೆಸಿಕೊಂಡ ಫೋಟೋಗಳನ್ನೆಲ್ಲ ತೋರಿಸಿದರು.

"ನಾ ಟೂರಿಸ್ಟ್ ಅಂತ ಹೋಗಿದ್ದೆ ನೋಡವಾ" ಎಂದರು. "ನಾಕ ದಿನ ಕುಂತು ಕಸೂತಿ ಹಾಕಿದೆ, ಬಂದೆ. ಯಾರೂ ಏನೂ ಕೇಳಲಿಲ್ಲ. ನಿಮ್ಮ ಅಪ್ಪಗೂ ಅದನ್ನ ಮಾಡಸು. ಬೆಳಗಾವ್ಯಾಗ ಏಜೆಂಟ್ ಅದಾನ, ನನ್ನ ಕಾಗದಾ ಎಲ್ಲಾ ಅವನ ಮಾಡಿದ್ದ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನ ಎದೆಯ ಭಾರ ಇಳಿಯಿತು.

ಬೆಳಗಾವಿಯ ಏಜೆಂಟನದು ಒಂದೇ ಕೋಣೆಯ ಆಫೀಸು. ನಾನು ಕೊಟ್ಟ ಕರೆಯೋಲೆಯ ಮೊದಲ ನಾಲ್ಕು ಸಾಲು ಓದಿ, ಅದನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಮೇಡಂ, ಇದನ್ನ ಹಚ್ಚೂದ ಬ್ಯಾಡ್ರಿ. ನೇಯ್ದು ತೋರಸ್ತಾರ ಅಂತ ಬರದಾರ ಇದರಾಗ. ಕೆಲಸಕ್ಕ ಹೊಂಟಾರ ಅಂತ ತಿಳಕೊಂತಾರ ಅವರು. ಕೆಲಸ ಅನ್ನೂ ಮಾತು ಒಮ್ಮೆ ಬಂತಂದ್ರ ಮುಗೀತು."

"ಮತ್ತ ಏನಂತ ಬರೀಬೇಕ್ರಿ?"

"ಟೂರಿಸ್ಟ್. ಊರು ನೋಡಾಕ ಹೊಂಟಾರ. ಖರ್ಚು ಮಗಳು ಕೊಡತಾಳ ಅಂತ ನಿಮ್ಮದೊಂದು ಪತ್ರ ಹಚ್ಚೋಣ್ರಿ. ನಿಮ್ಮ ತಂದಿಯವರ ಉದ್ಯೋಗ ಏನ್ರಿ?"

"ನೇಕಾರ."

"ವಯಸ್ಸು?"

"ಅರವತ್ತೊಂದು."

"ರಿಟೈರ್ಡ್ ಅಂತ ಬರೀತೇನ್ರಿ."

ನಾನು ನಕ್ಕೆ. "ನೇಕಾರರು ಎಲ್ಲಿ ರಿಟೈರ್ ಆಗತಾರ್ರಿ?"

"ಕಾಗದದ ಮ್ಯಾಲ ಅಷ್ಟರೀ ಮೇಡಂ" ಎಂದು ಅವನೂ ನಕ್ಕ.

ಕಂಪ್ಯೂಟರಿನಲ್ಲಿ ಅರ್ಜಿ ತೆರೆದಿತ್ತು. ಪ್ರಯಾಣದ ಮುಖ್ಯ ಉದ್ದೇಶ ಎಂಬಲ್ಲಿ ಸಾಲಾಗಿ ಚೌಕಗಳು. ಪ್ರವಾಸ, ವ್ಯಾಪಾರ, ಬಂಧುಮಿತ್ರರ ಭೇಟಿ, ಸಂಸ್ಕೃತಿ, ಕ್ರೀಡೆ, ಚಿಕಿತ್ಸೆ, ಓದು, ಹೀಗೆ. ಸಂಸ್ಕೃತಿ ಎಂಬುದರ ಮೇಲೆ ನನ್ನ ಕಣ್ಣು ನಿಂತಿತು. "ಇದು ಆಗೂದಿಲ್ಲೇನ್ರಿ?" ಎಂದು ಕೇಳಿದೆ. "ಅದು ಹಾಡೂವರಿಗೆ, ಕುಣಿಯೂವರಿಗೆ, ನಾಟಕದವರಿಗೆ ರೀ" ಎಂದ. ಇರಬಹುದು ಅನ್ನಿಸಿತು. ಅಪ್ಪ ಮಾಡುವುದನ್ನು ಸಂಸ್ಕೃತಿ ಎಂದು ನಮ್ಮ ಮನೆಯಲ್ಲಿ ಯಾರೂ ಕರೆದವರಲ್ಲ. ಅದು ದುಡಿಮೆ, ಹೊಟ್ಟೆಪಾಡು. ಪ್ರವಾಸ ಎಂಬ ಚೌಕಕ್ಕೆ ಗುರುತು ಹಾಕಿಸಿ, ಅಚ್ಚು ತೆಗೆಸಿಕೊಂಡು, ಮರುದಿನವೇ ಅಪ್ಪನ ಸಹಿಗೆಂದು ಊರಿಗೆ ಹೋದೆ.

ಏಜೆಂಟ ಒಂಬತ್ತು ದಿನದ ಪ್ರವಾಸದ ಪಟ್ಟಿಯನ್ನೂ ಮಾಡಿಕೊಟ್ಟಿದ್ದ. ಈ ದಿನ ಈ ಗೋಪುರ, ಈ ದಿನ ಈ ಸರೋವರ ಎಂದು. ಓದಿ ಹೇಳಿದೆ. ಅಪ್ಪ ಹುಬ್ಬು ಗಂಟು ಹಾಕಿದರು.

"ಕೆರಿ ನೋಡಾಕ ಅಷ್ಟ ದೂರ ಯಾಕ ಹೋಗ್ಲಿ? ಇಲ್ಲೇ ಮುನವಳ್ಳಿ ಹತ್ರ ಡ್ಯಾಮಿನ ನೀರು ನೋಡಾಕ ಇನ್ನೂ ಹೋಗಿಲ್ಲ ನಾ."

"ಬರೇ ಬರಿಯೂದು ಅಪ್ಪಾ. ನೀ ಹೋಗೂದು ಮೇಳಕ್ಕ."

"ಮ್ಯಾಳಾ ಅಂತ ಎಲ್ಲಿ ಬರದಿ ಇದರಾಗ?"

"ಬರದಿಲ್ಲ. ಬರೀಬಾರದಂತ. ನೇಯಾಕ ಹೊಂಟೇನಿ ಅಂದ್ರ ಕೆಲಸಕ್ಕ ಹೊಂಟಾನ ಅಂತ ತಿಳಕೊಂಡು ಬಿಡೂದಿಲ್ಲಂತ."

ಅವ್ವ ರಾಟಿಯಿಂದ ಮುಖ ಎತ್ತದೆ ಹೇಳಿದಳು: "ಮತ್ತ ಕೆಲಸ ಅಲ್ಲದ ಏನದು? ಇಷ್ಟು ವರ್ಷ ನಾವು ಆಟಾ ಆಡಿದ್ವೇನು?"

ನಾನು ಹಾಳೆಗಳನ್ನು ಸಹಿಯ ಜಾಗಕ್ಕೆ ತೆರೆದಿಟ್ಟೆ. ಅಪ್ಪ ನನ್ನ ಮುಖವನ್ನೇ ನೋಡಿ, ಪೆನ್ನು ತೆಗೆದುಕೊಂಡು, ನಾನು ಬೆರಳು ಇಟ್ಟು ತೋರಿಸಿದ ಕಡೆಯಲ್ಲೆಲ್ಲ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿದರು. ಓದಿದವಳು ಮಗಳು, ಅವಳು ಹೇಳಿದ ಮೇಲೆ ಆಯಿತು ಎಂಬ ನಂಬಿಕೆಯಿಂದ ಮಾಡಿದ ಸಹಿ ಅದು.

ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು, ಫೋಟೋ ಕೊಟ್ಟು ಬರಬೇಕಿತ್ತು. ಅಲ್ಲಿ ಯಾರಾದರೂ ಏನಾದರೂ ಕೇಳಿದರೆ ಹೇಗೆ ಹೇಳಬೇಕೆಂದು ಕಲಿಸುವಂತೆ ಏಜೆಂಟ ಹೇಳಿದ್ದ. ಹೋಗುವ ಮುಂಚಿನ ಭಾನುವಾರ ನಾನು ಅಪ್ಪನ ಮಗ್ಗದ ಎದುರು ಕೂತು ಸಾಹೇಬರ ಹಾಗೆ ಪ್ರಶ್ನೆ ಕೇಳಿದೆ.

"ಯಾಕ ಹೊಂಟೀರಿ?"

"ನೋಡಾಕ."

"ಏನ್ ನೋಡಾಕ?"

"ಅವರ ಮಗ್ಗಾ."

"ಮಗ್ಗಾ ಅನಬ್ಯಾಡ ಅಪ್ಪಾ. ಊರು ಅನ್ನು. ಇಲ್ಲಿ ಏನ್ ಕೆಲಸ ಮಾಡತೀರಿ?"

"ನೇಯ್ತೇನಿ."

ಮೂರು ಸಲ, ನಾಲ್ಕು ಸಲ. ಪ್ರತಿಸಲವೂ ಅಪ್ಪನ ಬಾಯಿಂದ ಅದೇ ಬಂತು. ಬೇಕೆಂದು ಹಟ ಹಿಡಿದಿದ್ದರೋ, ನಿಜವಾಗಿಯೂ ನಾಲಿಗೆ ಹೊರಳುತ್ತಿರಲಿಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನನಗೆ ತಾಳ್ಮೆ ತಪ್ಪಿತು. "ಸಣ್ಣ ಹುಡುಗರು ಕೂಡ ಇಷ್ಟೊತ್ತಿಗೆ ಕಲತಿರತಿದ್ರು. ಒಂದು ಸುಳ್ಳು ಹೇಳಾಕ ಬರೂದಿಲ್ಲೇನು ನಿನಗ?" ಎಂದೆ. ಬಾಗಿಲಲ್ಲಿ ನೂಲು ಒಯ್ಯಲು ಬಂದ ಪಕ್ಕದ ಮನೆಯವರು ನಿಂತಿದ್ದರು. ಅಪ್ಪ ಅವರ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಹರಿದ ದಾರವೊಂದನ್ನು ಹೊಸೆದು ಜೋಡಿಸತೊಡಗಿದರು. ಅಂದು ಮತ್ತೆ ಅಭ್ಯಾಸ ಮಾಡಿಸಲಿಲ್ಲ.

ಬೆಂಗಳೂರಿಗೆ ನಾವಿಬ್ಬರೇ ಹೋದೆವು. ನನ್ನ ಗಂಡ ಹೈಸ್ಕೂಲ್ ಮಾಸ್ತರ, ಅವರಿಗೆ ಪರೀಕ್ಷೆಯ ಕೆಲಸವಿತ್ತು. ಅಪ್ಪ ಹೊಸ ಅಂಗಿ, ಧೋತರ, ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡಿದ್ದರು. ಕೇಂದ್ರದಲ್ಲಿ ಸಾಲು ಬಹಳ ಇತ್ತು. ನಮ್ಮ ಸರದಿ ಬಂದಾಗ ಗಾಜಿನಾಚೆಯ ಹುಡುಗಿ ಅಪ್ಪನ ನಾಲ್ಕು ಬೆರಳುಗಳನ್ನು ಯಂತ್ರದ ಮೇಲೆ ಒತ್ತಿಸಿದಳು. ಯಂತ್ರ ಕೆಂಪು ದೀಪ ತೋರಿಸಿತು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಇಡಿಸಿದಳು. ಮತ್ತೆ ಕೆಂಪು. ಅಪ್ಪನ ಬೆರಳುಗಳ ತುದಿ ದಾರ ಉಜ್ಜಿ ಉಜ್ಜಿ ನುಣ್ಣಗಾಗಿ, ಅಲ್ಲಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿದ್ದವು. ಆ ಹುಡುಗಿ ಸಿಟ್ಟಾಗಲಿಲ್ಲ. ಗಾಜಿನ ಕೆಳಗಿನಿಂದ ಕೈ ಚಾಚಿ ಅಪ್ಪನ ಬೆರಳನ್ನು ಹಿಡಿದು ನೋಡಿ ಕೇಳಿದಳು.

"ತಾತ, ಏನ್ ಕೆಲಸ ಮಾಡ್ತೀರಾ ನೀವು?"

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿ ಹೇಳಿದೆ: "ಏನೂ ಮಾಡಲ್ಲ. ಸುಮ್ಮನೆ ಮನೆಯಲ್ಲಿರ್ತಾರೆ."

ಹುಡುಗಿ ತಲೆಯಾಡಿಸಿ ಮತ್ತೆ ಬೆರಳು ಒತ್ತಿಸಿದಳು. ಆರನೆಯದೋ ಏಳನೆಯದೋ ಸಲಕ್ಕೆ ಹಸಿರು ಬಂತು. ಅಪ್ಪ ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದ ಮೇಲೆ ಊಟ ಮಾಡೋಣವೇ ಎಂದರೆ ಹಸಿವಿಲ್ಲ ಎಂದರು. ಮರಳಿ ಬರುವಾಗ ಹುಬ್ಬಳ್ಳಿ ದಾಟುವ ತನಕ ಟೊಪ್ಪಿಗೆಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಕೂತರು. ದಣಿದಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕು ಶಬ್ದದಲ್ಲಿ ಅವರ ಇಡೀ ಜೀವಮಾನವನ್ನು ಒರೆಸಿ ಹಾಕಿದ್ದು ನನಗೆ ಅಲ್ಲೇ ತಿಳಿದಿತ್ತು. ತಿಳಿಯದವಳ ಹಾಗೆ ಕಿಟಕಿಯಾಚೆ ನೋಡುತ್ತ ಕೂತೆ.

ಹತ್ತು ದಿನ ಕಳೆದಿರಬಹುದು. ಕಾಲೇಜಿನಲ್ಲಿದ್ದಾಗ ಅವ್ವ ಫೋನು ಮಾಡಿದಳು. "ಆ ದೇಶದವರ ಆಫೀಸಿನಿಂದ ಫೋನ್ ಬಂದಿತ್ತು" ಎಂದಳು. ಅರ್ಜಿಯಲ್ಲಿ ಅಪ್ಪನ ನಂಬರೇ ಇತ್ತು. ಕನ್ನಡ ಮಾತಾಡುವ ಒಬ್ಬ ಹೆಣ್ಣುಮಗಳು ಕೇಳಿದ್ದರಂತೆ. ನಾನು ಅಪ್ಪನಿಗೆ ಫೋನು ಕೊಡು ಎಂದೆ.

"ಏನ್ ಕೇಳಿದ್ರು ಅಪ್ಪಾ?"

"ಅಲ್ಲಿ ಹೋಗಿ ಏನ್ ಮಾಡತೀರಿ ಅಂದ್ಲು."

"ನೀ ಏನಂದಿ?"

"ನೇಯ್ತೇನ್ರಿ ಅಂದೆ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಮತ್ತ?"

"ಕಾಗದದಾಗ ರಿಟೈರ್ಡ್ ಅಂತ ಐತಲ್ರಿ ಅಂದ್ಲು. ಇಲ್ಲರೀ, ಈಗ ಮಗ್ಗದಾಗ ಕುಂತೇನಿ, ಸಪ್ಪಳಾ ಕೇಳಸ್ತೈತೇನ್ರಿ ಅಂದೆ. ಚಂದಾಗಿ ಮಾತಾಡಿದ್ಲು ಆ ಹುಡುಗಿ. ಎಷ್ಟು ವರ್ಷ ಆತು, ಯಾರು ಕಲಿಸಿದ್ರು, ಎಲ್ಲಾ ಕೇಳಿದ್ಲು."

ಅಪ್ಪನ ದನಿಯಲ್ಲಿ ಬಹಳ ದಿನಗಳ ಮೇಲೆ ಒಂದು ಗೆಲುವು ಇತ್ತು. ನಾನು ಅದನ್ನೂ ಉಳಿಸಲಿಲ್ಲ. "ಎಲ್ಲಾ ಹಾಳ ಮಾಡಿದಿ. ಇಷ್ಟ ದಿನ ಓಡ್ಯಾಡಿದ್ದು ನೀರಾಗ ಹೋತು" ಎಂದು ಫೋನು ಇಟ್ಟೆ. ಎದುರು ಅರ್ಜಿ ಹಿಡಿದು ನಿಂತಿದ್ದ ವಿದ್ಯಾರ್ಥಿನಿಯೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು.

ಪಾಸ್‌ಪೋರ್ಟು ಬೈಲಹೊಂಗಲದ ನಮ್ಮ ಮನೆಗೆ ಕೊರಿಯರಿನಲ್ಲಿ ಮರಳಿ ಬಂತು. ಜೊತೆಗೆ ಒಂದು ಅಚ್ಚಾದ ಹಾಳೆ. ನಿರಾಕರಣೆಗೆ ಕಾರಣಗಳ ಪಟ್ಟಿ ಅದರಲ್ಲಿತ್ತು. ಒಂದೇ ಒಂದು ಕಾರಣದ ಮುಂದೆ ಗುರುತು ಹಾಕಿದ್ದರು. ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಾಗಿಲ್ಲ.

ಅದನ್ನು ಒಯ್ದು ಅಪ್ಪನಿಗೆ ತೋರಿಸಲೇಬೇಕಿತ್ತು. ಸವದತ್ತಿ ಬಸ್ ನಿಲ್ದಾಣದಲ್ಲಿ ರಾಮದುರ್ಗದ ಬಸ್ಸಿಗೆ ಕಾಯುತ್ತ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಜನರ ನಡುವೆ ನಿಂತು, ಮರಳಿ ಹೋಗಿಬಿಡಲೇ ಎಂದು ಎರಡು ಸಲ ಯೋಚಿಸಿದೆ. ಮನೆಯಲ್ಲಿ ಆ ಸಾಲನ್ನು ಕನ್ನಡ ಮಾಡಿ ಹೇಳಿದಾಗ ಅಪ್ಪ ಮಗ್ಗ ನಿಲ್ಲಿಸಿದರು.

"ನಂಬಾಕ ಬರೂದಿಲ್ಲ ಅಂದ್ರ ಸುಳ್ಳ ಹೇಳ್ಯಾನ ಅಂತೇನು?"

"ಹಂಗ ಅಲ್ಲ..."

"ಹಂಗ ಐತಿ. ನಾ ಖರೇನ ಹೇಳಿದ್ನಲ್ಲವಾ."

"ನೀ ಹೇಳಿದ್ದು ಖರೇ ಅಪ್ಪಾ. ನಾ ಬರದಿದ್ದು ಸುಳ್ಳು. ಎರಡೂ ಕೂಡಲಿಲ್ಲ."

ಅಪ್ಪ ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ತಮಗೆ ಓದಲು ಬಾರದ ಅಕ್ಷರಗಳ ಮೇಲೆ ಕಣ್ಣಾಡಿಸಿ, ಕೊನೆಯಲ್ಲಿ, ಪಾಸ್‌ಪೋರ್ಟಿನಲ್ಲಿ ನೋಡಿ ಗುರುತಾಗಿದ್ದ ತಮ್ಮ ಹೆಸರು ಇರುವ ಕಡೆ ಬೆರಳು ಇಟ್ಟರು. "ಹೆಸರು ನಂದ ಐತಿ" ಎಂದರು. ಅಷ್ಟೇ.

ಕಿತ್ತೂರಿನ ಅಕ್ಕನಿಗೆ ಫೋನು ಮಾಡಿದರೆ ಅವರು ಪಾಪ ಬಹಳ ನೊಂದುಕೊಂಡರು. "ನನಗ ಯಾರೂ ಕೇಳಲಿಲ್ಲವಾ, ಖರೇನ ಹೇಳತೇನಿ" ಎಂದು ಮತ್ತೆ ಮತ್ತೆ ಅಂದರು. ಏಜೆಂಟ, "ನಾ ಮೊದಲ ಹೇಳಿದ್ದೆ, ಕಲಿಸಿ ಕರಕೊಂಡು ಹೋಗ್ರಿ ಅಂತ" ಎಂದ.

ಊರಿಂದ ಬಂದ ಮರುದಿನ ಮನೆಯಲ್ಲಿ ಒಬ್ಬಳೇ ಕೂತು, ಮೊದಲು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡಿದೆ. ಆ ದೇಶದ ಜಾಲತಾಣ ತೆರೆದು ಓದಿದೆ. ಹತ್ತು ನಿಮಿಷ ಹಿಡಿಯಿತು. ಮೇಳ, ಉತ್ಸವ, ಪ್ರದರ್ಶನಗಳಲ್ಲಿ ಭಾಗವಹಿಸಲು ಬರುವ ಕಲಾವಿದರು ಮತ್ತು ಕುಶಲಕರ್ಮಿಗಳು ಸಂಸ್ಕೃತಿ ಎಂಬ ಚೌಕಕ್ಕೆ ಗುರುತು ಹಾಕಬೇಕು, ಕರೆದವರ ಪತ್ರ ಹಚ್ಚಬೇಕು, ಏನು ಮಾಡಲಿದ್ದಾರೆ, ಎಷ್ಟು ದಿನ, ಖರ್ಚು ಯಾರದು ಎಂದು ಅದರಲ್ಲಿ ಇರಬೇಕು. ಇಷ್ಟೇ. ಆಮೇಲೆ ಆ ಹೆಣ್ಣುಮಗಳ ಕರೆಯೋಲೆಯನ್ನು ಮತ್ತೆ ತೆರೆದೆ. ಎರಡನೆಯ ಹಾಳೆ ಯಾವುದೋ ಶಿಷ್ಟಾಚಾರದ್ದು ಎಂದುಕೊಂಡು ನಾನು ಬರೀ ಕಣ್ಣು ಹಾಯಿಸಿ ಬಿಟ್ಟಿದ್ದೆ. ಯಾವ ಚೌಕಕ್ಕೆ ಗುರುತು ಹಾಕಬೇಕು, ಉದ್ಯೋಗದ ಮುಂದೆ ಏನು ಬರೆಯಬೇಕು, ಸಂದೇಹ ಬಂದರೆ ತಮ್ಮನ್ನು ಕೇಳಿ ಎಂದು ಅವರು ಅದರಲ್ಲೇ ಬಿಡಿಸಿ ಬರೆದಿದ್ದರು. ಹದಿನಾಲ್ಕು ವರ್ಷ ಅರ್ಜಿ ತುಂಬಿದವಳು ನಾನು. ಹುಡುಗರಿಗೆ ದಿನಕ್ಕೆ ಹತ್ತು ಸಲ "ಹಿಂದಿನ ಪುಟಾನೂ ಓದ್ರಿ" ಎಂದು ಗದರುವವಳು.

ಗಂಡ ಶಾಲೆಯಿಂದ ಬಂದಾಗ ನಾನು ಅಡುಗೆಮನೆಯಲ್ಲಿ ಒಲೆ ಹಚ್ಚದೆ ನಿಂತಿದ್ದೆನಂತೆ. ಅವರಿಗೆ ಎಲ್ಲ ಹೇಳಿದೆ, ಬೆಂಗಳೂರಿನ ಆ ಒಂದು ಮಾತನ್ನು ಬಿಟ್ಟು.

ಆ ವರ್ಷ ಮತ್ತೆ ಅರ್ಜಿ ಹಾಕಲು ಸಮಯವಿರಲಿಲ್ಲ. ಮೇಳಕ್ಕೆ ಮುಂಚೆ ಬೆಂಗಳೂರಿನ ಕೇಂದ್ರದಲ್ಲಿ ಯಾವ ದಿನವೂ ಖಾಲಿ ಸಿಗಲಿಲ್ಲ. ಆ ಹೆಣ್ಣುಮಗಳಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಅವರು ಬೈಯಲಿಲ್ಲ. ಅಪ್ಪನ ಸೀರೆಯನ್ನು ಗೋಡೆಗೆ ಹಾಕಿ ಹೆಸರು ಬರೆದಿಟ್ಟಿದ್ದೇವೆ, ಮುಂದಿನ ವರ್ಷ ನೋಡೋಣ ಎಂದು ಉತ್ತರ ಕಳಿಸಿದರು.

ಆ ಒಂದು ವರ್ಷ ಅಪ್ಪ ನನ್ನ ಜೊತೆ ಮುನಿಸಿಕೊಂಡರು ಎಂದು ಹೇಳಲಾರೆ. ಹೋದರೆ ಮಾತಾಡಿಸುತ್ತಿದ್ದರು, ನನ್ನ ಮಕ್ಕಳ ಬಗ್ಗೆ ಕೇಳುತ್ತಿದ್ದರು, ಹೊರಡುವಾಗ ಟಂಟಂ ತನಕ ಬಂದು ಬಿಡುತ್ತಿದ್ದರು. ಒಂದೇ ಒಂದು ಬದಲಾಗಿತ್ತು. ಮೊದಲೆಲ್ಲ ನಾನು ಬರುತ್ತೇನೆಂದರೆ ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಕರೆಂಟು ಬಿಲ್ಲು, ನೇಕಾರರ ಸಂಘದಿಂದ ಬಂದ ಕಾಗದ ಎಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿ ಗೂಟಕ್ಕೆ ತೂಗುಹಾಕಿರುತ್ತಿದ್ದರು. ಆ ವರ್ಷ ಚೀಲ ಗೂಟದ ಮೇಲೆ ಇರುತ್ತಿರಲಿಲ್ಲ. ಅವ್ವನನ್ನು ಕೇಳಿದರೆ, "ರಾಮದುರ್ಗಕ್ಕ ತಾನ ಹೋಗಿ ಯಾರ ಕಡಿಂದೋ ಓದಿಸಿಕೊಂಡು ಬರತಾನ" ಎಂದಳು. ಅರವತ್ತು ದಾಟಿದ ಮನುಷ್ಯ ಒಂದು ಬಿಲ್ಲು ಓದಿಸಲು ಟಂಟಂ ಹತ್ತಿ ಹೋಗುತ್ತಿದ್ದರು.

ಮರುವರ್ಷ ಕರೆ ಮತ್ತೆ ಬಂತು. ಕಿತ್ತೂರಿನ ಅಕ್ಕನ ಕಸೂತಿಯ ಫೋಟೋಗಳನ್ನು ನಾನು ಕಳಿಸಿದ್ದರಿಂದ ಅವರಿಗೂ ಬಂದಿತ್ತು. ಈ ಸಲ ಏಜೆಂಟನ ಬಳಿ ಹೋಗಲಿಲ್ಲ. ಇಬ್ಬರ ಅರ್ಜಿಯನ್ನೂ ನಾನೇ ತುಂಬಿದೆ, ಒಂದೊಂದು ಸಾಲನ್ನೂ ಅಪ್ಪನಿಗೆ ಕನ್ನಡದಲ್ಲಿ ಓದಿ, ಅವರು ಹ್ಞೂಂ ಎಂದ ಮೇಲೆಯೇ. ಉದ್ಯೋಗ ಎಂಬಲ್ಲಿ ಕೈಮಗ್ಗ ನೇಕಾರ. ಉದ್ದೇಶ ಎಂಬಲ್ಲಿ ಸಂಸ್ಕೃತಿ. ಹಿಂದಿನ ನಿರಾಕರಣೆಯನ್ನು ಬಚ್ಚಿಡದೆ, ಅದು ಯಾಕಾಯಿತೆಂದು ಒಂದು ಪತ್ರವನ್ನೂ ಸಿದ್ಧ ಮಾಡಿದೆ. ಹಿಂದಿನ ಅರ್ಜಿಯನ್ನು ಮಗಳಾದ ನಾನು ತುಂಬಿಸಿದ್ದು, ತಪ್ಪು ಮಾಹಿತಿ ಕೊಟ್ಟದ್ದು ನಾನು, ತಂದೆಗೆ ಇಂಗ್ಲಿಷು ಬಾರದು, ಅವರದೇನೂ ತಪ್ಪಿಲ್ಲ ಎಂದು ಬರೆದಿದ್ದೆ. ಓದಿ ಹೇಳಿದಾಗ ಅಪ್ಪ ಕೈಯೆತ್ತಿ ತಡೆದರು.

"ನಿನ್ನ ಹೆಸರು ಯಾಕ ಬರದಿ?"

"ತಪ್ಪು ನಂದ ಐತಲ್ಲ ಅಪ್ಪಾ."

"ಸಹಿ ಯಾರದು?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಸಹಿ ಮಾಡಿದವ ನಾ. ಊರು ನೋಡಾಕ ಹೊಂಟೇನಿ ಅಂತ ಐತಿ ಅಂತ ಗೊತ್ತಿತ್ತು ನನಗ. ಆದ್ರೂ ಮಾಡಿದೆ. ಹೋಗೂ ಆಸೆ ನನಗೂ ಇತ್ತು. ತಪ್ಪು ನಂದು ಅಂತ ಬರಿ."

ಬಹಳ ಹೇಳಿ ನೋಡಿದೆ. ಕೇಳಲಿಲ್ಲ. ಕೊನೆಗೆ ಇಬ್ಬರದೂ ತಪ್ಪು ಎಂದು ಬರೆದು, ಇಬ್ಬರೂ ಸಹಿ ಹಾಕಿದೆವು.

ಬೆಂಗಳೂರಿಗೆ ಹೋಗುವ ದಿನ ಗೊತ್ತಾದಾಗ ನಾನು ರಜೆ ಬರೆದುಕೊಟ್ಟಿದ್ದೆ. ಹಿಂದಿನ ದಿನ ಅಪ್ಪ ಫೋನು ಮಾಡಿ, "ಅಳಿಯಂದ್ರು ಬಂದ್ರ ಸಾಕವಾ. ನೀ ಬರೂದು ಬ್ಯಾಡ" ಎಂದರು. ಗಂಡ, "ನಿನಗ ಕಾಲೇಜಿನ ದಗದ ಭಾಳ ಐತಿ ಅಂತ ಅಂದಿರಬೇಕು" ಎಂದರು. ನಾನು ಅವರ ಚೀಲಕ್ಕೆ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಕಾಲೇಜಿಗೆ ಹೋಗಿ, ರಜೆಯ ಚೀಟಿ ಮರಳಿ ಪಡೆದು, ದಿನವಿಡೀ ಏನು ಬರೆದೆನೋ ನನಗೇ ತಿಳಿಯಲಿಲ್ಲ.

ವೀಸಾ ಬಂತು. ಅಪ್ಪ ಮತ್ತು ಕಸೂತಿಯ ಅಕ್ಕ ಕೂಡಿ ಹೋಗಿ ಹತ್ತು ದಿನ ಇದ್ದು ಬಂದರು. ಅಪ್ಪ ಮರಳಿ ಬಂದಾಗ ಊರಿನ ಮಂದಿಗೆ ಹೇಳಿದ್ದು ಸಣ್ಣ ಸಣ್ಣ ಸಂಗತಿ. ಕಟ್ಟಿಗೆಯ ಕಟ್ಟೆ ಎತ್ತರವಾಗಿ ಕಾಲು ಸರಿಯಾಗಿ ನಿಲುಕದೆ ಮೊದಲ ಎರಡು ದಿನ ಮೊಣಕಾಲು ಬಾತಿತ್ತು, ಮೂರನೆಯ ದಿನ ಕೆಳಗೆ ಹಲಗೆ ಇಡಿಸಿಕೊಂಡ ಮೇಲೆ ಕೈ ಓಡಿತು. ಒಬ್ಬ ಮುದುಕ ದಿನವೂ ಬಂದು ಮುಂಜಾನೆಯಿಂದ ಮಧ್ಯಾಹ್ನದ ತನಕ ಮಾತಿಲ್ಲದೆ ನೋಡುತ್ತ ನಿಲ್ಲುತ್ತಿದ್ದ. ಅನ್ನ ಸಿಕ್ಕಿತು, ಖಾರ ಸಿಗಲಿಲ್ಲ. ಚಳಿಗೆ ದಾರ ಬಿಗಿಯಾಗಿ ಹರಿಯುತ್ತಿತ್ತು. ಇಷ್ಟೇ.

ಹದಿನೈದು ದಿನ ಬಿಟ್ಟು ನಾನು ಒಬ್ಬಳೇ ಊರಿಗೆ ಹೋದೆ. ಅವ್ವ ಯಾರದೋ ಮನೆಗೆ ಅರಿಷಿಣ ಕುಂಕುಮಕ್ಕೆ ಹೋಗಿದ್ದಳು. ನಾನು ಅವಳ ಜಾಗದಲ್ಲಿ ಕೂತು ರಾಟಿ ತಿರುಗಿಸತೊಡಗಿದೆ. ಎಷ್ಟೋ ವರ್ಷದ ಮೇಲೆ ಹಿಡಿದದ್ದು, ನೂಲು ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಸುತ್ತುತ್ತಿತ್ತು. ಅಪ್ಪ ಒಮ್ಮೆ ನೋಡಿ ಮತ್ತೆ ನೇಯತೊಡಗಿದರು. ಆ ಹೊತ್ತಿನಲ್ಲಿ ಹೇಳಿದರೆ ಹೇಳಿದ್ದು, ಇಲ್ಲದಿದ್ದರೆ ಇಲ್ಲ ಎನ್ನಿಸಿತು.

"ಅಪ್ಪಾ, ಹೋದ ವರ್ಷ ಬೆಂಗಳೂರಾಗ ನಾ ಹಂಗ ಅನಬಾರದಿತ್ತು."

ಲಾಳಿ ಆ ಕಡೆಯಿಂದ ಈ ಕಡೆ ಬಂತು, ಈ ಕಡೆಯಿಂದ ಆ ಕಡೆ ಹೋಯಿತು.

"ಏನಂದಿದ್ದಿ?" ಎಂದು ಕೇಳಿದರು.

ನಿಜವಾಗಿಯೂ ಮರೆತಿದ್ದರೋ, ನನ್ನ ಬಾಯಿಂದ ಮತ್ತೊಮ್ಮೆ ಬರಲಿ ಎಂದು ಕೇಳಿದರೋ, ಅಥವಾ ನಾನು ಹೇಳದಿದ್ದರೂ ಆದೀತು ಎಂದು ನನ್ನನ್ನು ಬಿಟ್ಟುಕೊಟ್ಟರೋ, ಅವರ ಮುಖದಿಂದ ತಿಳಿಯಲಿಲ್ಲ. ನಾನು ಆ ಮಾತನ್ನು ಹೇಳಲು ಬಾಯಿ ತೆರೆದೆ. ಆ ಮಗ್ಗದ ಎದುರಿಗೆ ಕೂತು, ಅವರು ನೇಯುತ್ತಿರುವಾಗ, ಅದು ಬರಲಿಲ್ಲ.

"ಏನಿಲ್ಲ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಕೈ ಚಾಚಿ, "ಕಂಡಿಕಿ ತಾ" ಎಂದರು. ಸುತ್ತಿದ್ದರಲ್ಲಿ ಸರಿಯಾಗಿದ್ದ ಒಂದನ್ನು ಆರಿಸಿ ಕೊಟ್ಟೆ. ಅವ್ವ ಬರುವ ತನಕ ಇಬ್ಬರೂ ಹಾಗೆಯೇ ಕೆಲಸ ಮಾಡಿದೆವು. ನಾಲ್ಕು ಗಂಟೆಯ ಟಂಟಂ ತಪ್ಪಿದರೆ ಸವದತ್ತಿಯಲ್ಲಿ ಬೈಲಹೊಂಗಲದ ಬಸ್ಸು ಸಿಗುವುದಿಲ್ಲವೆಂದು ನಾನು ಎದ್ದು ಹೊರಟೆ.